ವೆಂಥಾರ್ಪಿನ ಮನೆ ಪಾಳಿ

ವೆಂಥಾರ್ಪಿನಲ್ಲಿ ಕಾನ್‌ಸ್ಟೇಬಲ್ ಕೆಲಸ ಯಾರಿಗೂ ಬೇಡವಾದ ಕೆಲಸ. ಸಂಬಳವಿಲ್ಲ, ಮರ್ಯಾದೆಯಿಲ್ಲ, ಬೈಗುಳ ಮಾತ್ರ ಬೇಕಾದಷ್ಟು. ಅದಕ್ಕೇ ಹಿಂದಿನವರು ಅದನ್ನು ಮನೆ ಪಾಳಿಗೆ ಹಚ್ಚಿಬಿಟ್ಟಿದ್ದರು. ಊರಿಗೆ ಇರುವುದು ಒಂದೇ ಬೀದಿ, ಒಂದೇ ಸಾಲು, ಮೂವತ್ತೊಂದು ಮನೆ. ಈ ವರ್ಷ ಈ ಮನೆ, ಬರುವ ವರ್ಷ ಪಕ್ಕದ ಮನೆ. ಒಳಗಿರುವವನು ಕುಡುಕನೋ, ಕುಂಟನೋ, ಕಿವುಡನೋ ಯಾರೂ ಕೇಳುವುದಿಲ್ಲ. ಪಾಳಿ ಬರುವುದು ಮನೆಗೆ, ಮನುಷ್ಯನಿಗಲ್ಲ.

ಸಾವಿರದ ಆರುನೂರ ನಲವತ್ತೆರಡನೇ ಇಸವಿಯಲ್ಲಿ ಪಾಳಿ ಪೆಲ್ ಮನೆಗೆ ಬಂತು. ಆ ಮನೆಯ ಯಜಮಾನ ರೇಫ್ ಪೆಲ್ ಈಸ್ಟರಿಗೆ ಹದಿನೈದು ದಿನ ಮುಂಚೆ ಎದೆ ಹಿಡಿದುಕೊಂಡು ಕುಸಿದವನು ಏಳಲೇ ಇಲ್ಲ. ಮಕ್ಕಳಿರಲಿಲ್ಲ. ಉಳಿದವಳು ಅವನ ಹೆಂಡತಿ ಡಾರ್ಕಸ್. ಇಂಥ ಹೊತ್ತಿನಲ್ಲಿ ವಿಧವೆಯರು ಯಾವನಾದರೂ ಗಂಡಸನ್ನು ಗೊತ್ತುಮಾಡಿ ತಮ್ಮ ಬದಲು ಕಳಿಸುವುದು ವಾಡಿಕೆ. ಡಾರ್ಕಸ್ ಮಾತ್ರ ಕೈ ಚಾಚಿ, "ಆ ಕಾನ್‌ಸ್ಟೇಬಲ್ ಕೋಲು ಇಲ್ಲಿ ಕೊಡಿ. ಮನೆ ಪಾಳಿ ಅಂತೀರಿ, ಮನೇಲಿರೋಳು ನಾನು," ಎಂದಳು. ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಕೊಟ್ಟರು. ತಪ್ಪಿಸಿಕೊಂಡ ಹಂದಿ ಹಿಡಿಯುವುದು, ಕುಡಿದು ಹೊಡೆದಾಡಿದವರನ್ನು ಚರ್ಚಿನ ಮುಂದಿನ ಮರದ ಕೋಳಕ್ಕೆ ಕಾಲು ಸಿಕ್ಕಿಸಿ ಕೂರಿಸುವುದು, ಇಷ್ಟೇ ತಾನೇ, ಮಾಡಿಕೊಳ್ಳಲಿ ಎಂದುಕೊಂಡರು. ಆ ವರ್ಷ ಏನು ಕಾದಿದೆ ಅಂತ ಆ ಬುದ್ಧಿವಂತರಿಗೆ ಎಲ್ಲಿ ಗೊತ್ತಿತ್ತು!

ಆಗಸ್ಟ್ ತಿಂಗಳು, ಬಾರ್ಲಿ ಕೊಯ್ಲಿನ ಹೊತ್ತು. ಒಂದು ಬುಧವಾರ ಬೆಳಗಿನ ಗಂಜಿ ಇನ್ನೂ ಒಲೆಯ ಮೇಲಿರುವಾಗಲೇ ಒಬ್ಬ ಸವಾರ ಬಂದು ಡಾರ್ಕಸಳ ಕೈಗೆ ಒಂದು ಹುಕುಂ ಕೊಟ್ಟು ಹೋದ. ಚರ್ಮದ ಹಾಳೆ, ಅಂಗೈ ಅಗಲದ ಅರಗಿನ ಮುದ್ರೆ, ಅಕ್ಷರವೆಲ್ಲ ಲ್ಯಾಟಿನ್. ಮಧ್ಯಾಹ್ನಕ್ಕೆ ಇನ್ನೊಬ್ಬ ಸವಾರ ಬಂದ. ಅವನು ತಂದದ್ದು ಅಚ್ಚು ಹಾಕಿದ ಕಾಗದ, ಇಂಗ್ಲಿಷಿನಲ್ಲೇ ಇತ್ತು. ಎರಡನ್ನೂ ಹಿಡಿದುಕೊಂಡು ಡಾರ್ಕಸ್ ಪಾದ್ರಿಯ ಮನೆಗೆ ಹೋದಳು. ಪಾದ್ರಿ ಆಂಬ್ರೋಸ್ ಕನ್ನಡಕ ಏರಿಸಿ ಲ್ಯಾಟಿನ್ ಹಾಳೆಯನ್ನು ಅರ್ಧ ಗಂಟೆ ನೋಡಿದ. ಬೆವರಿದ.

"ಇದು ದೊರೆಯದಮ್ಮ. ಊರಿನ ಆಯುಧ ಎಲ್ಲ, ಅದನ್ನ ಹಿಡಿಯೋ ಆರು ಜನ, ಶುಕ್ರವಾರ ಸೇತುವೆಯಾಚೆ ಮೈದಾನಕ್ಕೆ ಬರಬೇಕಂತೆ. ಬರದಿದ್ರೆ ದ್ರೋಹ."

"ಇದು?"

"ಇದು ಪಾರ್ಲಿಮೆಂಟಿಂದು. ಅದೇ ಆಯುಧ, ಅದೇ ಆರು ಜನ, ಅದೇ ಶುಕ್ರವಾರ, ಪೇಟೆ ಚೌಕಕ್ಕೆ. ಬರದಿದ್ರೆ ದ್ರೋಹ."

"ಯಾರಿಗೆ ದ್ರೋಹ?"

"ಅದೂ ದೊರೆಗೇ ಅಂತ ಬರ್ದಿದಾರೆ," ಎಂದು ಪಾದ್ರಿ ನಿಟ್ಟುಸಿರು ಬಿಟ್ಟ. "ದೊರೆ ಹೆಸರಲ್ಲೇ ದೊರೆ ಮೇಲೆ ಹೋಗ್ತಾರಂತೆ. ನಂಗಂತೂ ತಲೆ ಕೆಟ್ಟುಹೋಯ್ತು."

ಡಾರ್ಕಸಳಿಗೆ ತಲೆ ಕೆಡಲಿಲ್ಲ, ಹೆದರಿಕೆಯಾಯಿತು. ಯಾಕೆಂದರೆ ಆ ಆರು ಜನ ಯಾರೆಂದು ಅವಳಿಗೆ ಗೊತ್ತು. ಕಮ್ಮಾರ ಜರ್ವಿಸ್ ಅವರ ಮುಂದಾಳು. ಏಳು ವರ್ಷದಿಂದ ಪ್ರತಿ ಬೇಸಿಗೆ ಊರ ಹುಲ್ಲುಗಾವಲಿನಲ್ಲಿ ಅವನೇ ಉಳಿದ ಐವರಿಗೂ ಉದ್ದ ಈಟಿ ಹಿಡಿಯುವುದು, ನೆಲಕ್ಕೆ ಊರುವುದು, ಒಟ್ಟಿಗೆ ಮುಂದೆ ನೂಕುವುದು ಕಲಿಸಿದ್ದ. ಐವರಲ್ಲಿ ಒಬ್ಬ ನೇಥನ್, ಡಾರ್ಕಸಳ ಸ್ವಂತ ತಮ್ಮ. ತಾಯಿ ಸತ್ತಾಗ ಅವನಿಗೆ ಮೂರು ವರ್ಷ, ಇವಳೇ ಸಾಕಿದ್ದು. ಈಗ ಗಿರಣಿ ಮನೆಗೆ ಅಳಿಯನಾಗಿ ಹೋಗಿದ್ದ, ಹೆಂಡತಿ ಬಸುರಿ. ಜರ್ವಿಸ್ ದೊರೆಯ ಕಡೆ. ನೇಥನ್ ಪಾರ್ಲಿಮೆಂಟಿನ ಕಡೆ. ಉಳಿದ ನಾಲ್ವರಲ್ಲಿ ಇಬ್ಬರು ಆ ಕಡೆ, ಇಬ್ಬರು ಈ ಕಡೆ. ವಸಂತ ಕಾಲದಿಂದ ಹೆಂಡದಂಗಡಿಯಲ್ಲಿ ಬೇರೆ ಬೇರೆ ಬೆಂಚು. ಜರ್ವಿಸನೂ ನೇಥನನೂ ಮಾತು ಬಿಟ್ಟು ಮೂರು ತಿಂಗಳಾಗಿತ್ತು.

ಅಂದರೆ ಆಯುಧ ಚರ್ಚಿನ ಪಕ್ಕದ ಕೋಣೆಯ ಬಾಗಿಲು ದಾಟಿತೆಂದರೆ ಆಯಿತು. ಮೂವರು ಸೇತುವೆಯ ಕಡೆ, ಮೂವರು ಪೇಟೆಯ ಕಡೆ. ಮುಂದೊಂದು ದಿನ ಯಾವುದೋ ಹೊಲದಲ್ಲಿ ಒಂದೇ ಬೀದಿಯ ಆರು ಜನ ಎದುರು ಬದುರು ನಿಂತು, ಒಬ್ಬನೇ ಗುರು ಕಲಿಸಿದ ಏಟನ್ನು ಒಬ್ಬರ ಹೊಟ್ಟೆಗೊಬ್ಬರು ಹಾಕಿಕೊಳ್ಳಬೇಕು. ಅದೂ ಯಾಕೆ? ಲಂಡನ್ನಿನಲ್ಲಿ ಯಾರ ಮಾತು ನಡೆಯಬೇಕು ಅಂತ!

ಸಂಜೆ ನೇಥನ್ ಬಂದ. "ಅಕ್ಕಾ, ಆಯುಧದ ಕೋಣೆ ಬೀಗದಕೈ ನಿನ್ನ ಹತ್ರ ಅಲ್ವಾ? ನನ್ನ ಟೊಪ್ಪಿ, ಎದೆ ತಗಡು ತೆಗ್ದುಕೊಡು. ನಾವು ಮೂರು ಜನ ಬೆಳಗ್ಗೇನೆ ಹೊರಡ್ತೀವಿ."

"ಕೊಡಲ್ಲ ಹೋಗು."

"ಜರ್ವಿಸನಿಗೆ ಕೊಡ್ತೀಯ?"

"ಅವನ ಮುಖಕ್ಕೂ ಇಲ್ಲ."

"ನಿಂಗೆ ಇದೆಲ್ಲ ಅರ್ಥ ಆಗಲ್ಲ ಬಿಡಕ್ಕ. ಪಾರ್ಲಿಮೆಂಟನ್ನ ಹನ್ನೊಂದು ವರ್ಷ ಕರೀಲೇ ಇಲ್ಲ ಆ ದೊರೆ. ಕೇಳೋರಿಲ್ಲ ಅಂತ ಮನಸ್ಸಿಗೆ ಬಂದ ತೆರಿಗೆ ಹಾಕ್ದ. ಈಗಲೂ ಸುಮ್ನಿದ್ರೆ ನಾವು ಮನುಷ್ಯರಾ?"

"ಸರಿ ಕಣೋ, ನೀನು ಹೇಳೋದು ಸರೀನೇ ಇರಬಹುದು. ದೊರೆ ತಪ್ಪು ಮಾಡಿದ್ರೆ ಜರ್ವಿಸನ ಹೊಟ್ಟೆಗೆ ಯಾಕೋ ಈಟಿ ಹಾಕ್ತೀಯ? ಅವನೇನು ತೆರಿಗೆ ಹಾಕಿದ್ನಾ?"

ನೇಥನ್ ತಿರುಗಿ ನಡೆದ. ಬಾಗಿಲನ್ನು ದಢಾರನೆ ಎಳೆದುಕೊಂಡು ಹೋದ.

ಬೀಗದಕೈ ತನ್ನ ಸೊಂಟದಲ್ಲಿದ್ದರೆ ಸಾಲದು ಎಂದು ಡಾರ್ಕಸಳಿಗೆ ಗೊತ್ತಿತ್ತು. ಬಾಗಿಲನ್ನು ಒಡೆಯಲು ಕಮ್ಮಾರನಿಗೆ ಎಷ್ಟು ಹೊತ್ತು! ಗುರುವಾರ ಬೆಳಗಾಗುತ್ತಲೇ ನೇಥನನ ಕಡೆಯ ಮೂವರೂ ಹೊರಡುವುದಕ್ಕೆ ತಯಾರಾಗಿದ್ದರು, ಅಷ್ಟರಲ್ಲಿ ಪಡುವಣಕ್ಕೆ ಮೋಡ ಕಂಡಿತು. ಕೊಯ್ದ ಬಾರ್ಲಿ ನೆಲದ ಮೇಲಿತ್ತು. ರಾಜನಿರಲಿ ಪಾರ್ಲಿಮೆಂಟಿರಲಿ, ಬಾರ್ಲಿ ನೆನೆದರೆ ಚಳಿಗಾಲಕ್ಕೆ ಮಣ್ಣು ತಿನ್ನಬೇಕು. ಗಂಡಸರೆಲ್ಲ ಬೈದುಕೊಂಡು ಹೊಲಕ್ಕೆ ಓಡಿದರು. ಡಾರ್ಕಸ್ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಬಾಗಿಲು ತಟ್ಟುತ್ತ ಹೋದಳು.

ಹೆಂಗಸರು ಚರ್ಚಿನ ಪಕ್ಕದ ಕೋಣೆಯ ಮುಂದೆ ಸೇರಿದರು. ಡಾರ್ಕಸ್ ಬೀಗ ತೆಗೆದು ಹೇಳಿದ್ದು ಇಷ್ಟೇ. "ಕಾನ್‌ಸ್ಟೇಬಲ್ ಕೆಲಸ ಮನೆ ಪಾಳಿ ಆದ್ಮೇಲೆ ಆಯುಧಾನೂ ಮನೆ ಪಾಳಿ. ಮನೆಗೊಂದು ಚೂರು. ಒಬ್ಬನ ಸಾಮಾನು ಎರಡು ಒಂದೇ ಮನೇಲಿ ಇರಬಾರದು. ಯಾರ ಮನೇಲಿ ಯಾವುದಿದೆ ಅಂತ ಗಂಡನಿಗೂ ಹೇಳಬೇಡಿ. ಮೂವತ್ತೊಂದು ಮನೆಯೋರು ಒಪ್ಪಿ ಹೊರಗೆ ತಂದ್ರೆ ಆವತ್ತು ಕಳ್ಸೋಣ. ಅಲ್ಲೀವರೆಗೆ ಯಾರಪ್ಪನಿಗೂ ಇಲ್ಲ."

ಏನು ಹುರುಪು ಅವರಿಗೆ! ಈಟಿಯ ಮೊನೆಯನ್ನು ಕೋಲಿನಿಂದ ಕಳಚಿದರು, ಕೋವಿಯ ಕುದುರೆ ಕೀಲನ್ನು ಕೋವಿಯಿಂದ ಕಳಚಿದರು. ಹದಿನಾರು ಅಡಿಯ ಈಟಿಕೋಲುಗಳು ಬಟ್ಟೆ ಒಣಹಾಕುವ ಗಳುಗಳಾದವು. ಒಂದು ಕಬ್ಬಿಣದ ಟೊಪ್ಪಿಗೆ ಹುಲ್ಲು ತುಂಬಿ ಕಾವಿಗೆ ಕೂತ ಕೋಳಿಯನ್ನು ಕೂರಿಸಿದರು. ಕಮ್ಮಾರನ ಹೆಂಡತಿ ಮಾರ್ಜರಿ ಪಾಲಿಗೆ ಒಂದು ಎದೆ ತಗಡು ಬಂತು. ಅವಳು ಅದನ್ನು ರೊಟ್ಟಿ ಒಲೆಯ ಬಾಯಿಗೆ ಮುಚ್ಚಳವಾಗಿ ಇಟ್ಟಳು, ಸರಿಯಾಗಿ ಕೂತಿತು. ಮಧ್ಯಾಹ್ನದೊಳಗೆ ಕೋಣೆ ಖಾಲಿ. ಡಾರ್ಕಸ್ ಆ ಖಾಲಿ ಕೋಣೆಗೆ ಬೀಗ ಕೂಡ ಹಾಕಲಿಲ್ಲ.

ಸಂಜೆ ಗಂಡಸರು ಬಂದು ನೋಡಿ ಕೂಗಾಡಿದರು. ಹೆಂಗಸರು ಬಟಾಣಿ ಗಂಜಿ ಬಡಿಸಿದರು, ತುಟಿ ಬಿಚ್ಚಲಿಲ್ಲ. ಜರ್ವಿಸ್ ಮಾತ್ರ ಕೂಗಾಡಲಿಲ್ಲ. ತನ್ನ ಮನೆಯ ಒಲೆಯ ಬಾಯಿ ಮುಚ್ಚಿದ್ದ ತಗಡನ್ನು ನೋಡಿದ. ಅದು ನೇಥನನದು, ಎಡಗಡೆಯ ನಗ್ಗು ತಾನೇ ತಟ್ಟಿ ಸರಿಮಾಡಿದ್ದು. ಹೆಂಡತಿಯ ಮುಖ ನೋಡಿದ, ಅವಳು ಇವನ ಮುಖ ನೋಡಿದಳು. ಏನೂ ಕಾಣದವನ ಹಾಗೆ ಉಣ್ಣತೊಡಗಿದ.

ಶುಕ್ರವಾರ ಆರು ಜನರೂ ಎಲ್ಲಿಗೂ ಹೋಗಲಿಲ್ಲ. ಮಧ್ಯಾಹ್ನ ದೊರೆಯ ಕಡೆಯ ಕ್ಯಾಪ್ಟನ್ ಫುಲ್ಕ್ ಡಾರೆಲ್ ಹತ್ತು ಸವಾರರ ಜೊತೆ ಊರಿಗೆ ಬಂದ. ಉದ್ದ ಕೂದಲು, ಕುತ್ತಿಗೆಗೆ ಜಾಲರಿಯ ಪಟ್ಟಿ, ಬೂಟಿನ ತುಂಬ ಧೂಳು. ಮನುಷ್ಯ ಕೆಟ್ಟವನಲ್ಲವಂತೆ, ದಣಿದಿದ್ದನಂತೆ. ದಣಿದವನ ಕೈಗೆ ಅಧಿಕಾರ ಸಿಕ್ಕರೆ ಕೆಟ್ಟವನೇ ವಾಸಿ.

"ಕಾನ್‌ಸ್ಟೇಬಲ್ ಎಲ್ಲಿ?" ಎಂದ.

"ನಾನೇ ಧಣಿ," ಎಂದಳು ಡಾರ್ಕಸ್.

ಸವಾರರು ನಕ್ಕರು. ಕ್ಯಾಪ್ಟನ್ ನಗಲಿಲ್ಲ. "ಹುಡುಗಾಟ ಬೇಡ. ಗಂಡಸರು ಯಾರೂ ಇಲ್ವಾ ಈ ಊರಲ್ಲಿ?"

"ಇದಾರೆ ಸ್ವಾಮಿ, ಬೇಕಾದಷ್ಟಿದಾರೆ. ಪಾಳಿ ನನ್ನ ಮನೇದು."

"ಹುಕುಂ ತಲುಪಿತಾ?"

"ತಲುಪ್ತು. ಒಂದಲ್ಲ, ಎರಡು ತಲುಪ್ತು. ಎರಡರಲ್ಲೂ ದೊರೆ ಹೆಸರೇ ಇತ್ತು. ಒಬ್ಬ ದೊರೆ ಎರಡು ಕಡೆ ಕರೆದ್ರೆ ಆರು ಜನ ಹೇಗೆ ಸಾಲ್ತಾರೆ ಧಣಿ?"

ಯಾರೋ ಹಿಂದೆ ಕಿಸಕ್ಕೆಂದರು. ಕ್ಯಾಪ್ಟನ್ ಆಯುಧದ ಕೋಣೆಗೆ ಹೋಗಿ ನೋಡಿ ಬಂದ. ಬಂದಾಗ ಮುಖ ಕೆಂಪಗಿತ್ತು.

"ಆಯುಧ ಎಲ್ಲಿ?"

"ಊರಲ್ಲೇ ಇದೆ. ಊರಿಂದು ಊರಲ್ಲಿದೆ."

"ಯಾರು ತೆಗೆದದ್ದು?"

"ನಾನು."

"ಹೇಳ್ತೀಯೋ ಕೋಳಕ್ಕೆ ಹಾಕಿಸ್ಲೋ?"

"ಹಾಕಿಸಿ." ಡಾರ್ಕಸ್ ಸೊಂಟದಿಂದ ಕೋಳದ ಬೀಗದಕೈ ಬಿಚ್ಚಿ ಅವನ ಕೈಗೇ ಕೊಟ್ಟಳು. ಕೋಳದ ಬೀಗದಕೈ ಇರುವುದು ಕಾನ್‌ಸ್ಟೇಬಲ್ ಹತ್ತಿರವೇ ಅಲ್ಲವೇ, ಇನ್ನು ಯಾರು ಕೊಡಬೇಕು? "ಸ್ವಲ್ಪ ತುಕ್ಕು ಹಿಡಿದಿದೆ, ಎಡಕ್ಕೆ ಒತ್ತಿ ತಿರುಗಿಸ್ಬೇಕು," ಎಂದೂ ಹೇಳಿದಳು. ಈ ಸಲ ಊರಿಗೆ ಊರೇ ನಕ್ಕಿತು. ಅವಳು ಹೋಗಿ ಹಲಗೆಯ ತೂತುಗಳಲ್ಲಿ ತಾನೇ ಕಾಲಿಟ್ಟು ಕೂತಳು. ಸವಾರನೊಬ್ಬ ಬೀಗ ಹಾಕಿ ಕೀಲಿಯನ್ನು ಕ್ಯಾಪ್ಟನ್ನನಿಗೆ ಕೊಟ್ಟ.

ಆ ನಗುವೇ ಕೆಲಸ ಕೆಡಿಸಿತೋ ಏನೋ. ಕ್ಯಾಪ್ಟನ್ ತಣ್ಣನೆಯ ದನಿಯಲ್ಲಿ ಕೇಳಿದ, "ನಿನ್ನ ಮನೆ ಯಾವುದು?"

ಡಾರ್ಕಸ್ ಕೈಯೆತ್ತಿ ತೋರಿಸಿದಳು. ಸುಳ್ಳು ಹೇಳಿದರೆ ಪಕ್ಕದ ಮನೆ ಹೋಗುತ್ತಿತ್ತು.

"ಒಂದೇ ಸಲ ಕೇಳ್ತೀನಿ. ಆಯುಧ ಎಲ್ಲಿ?"

ಅವಳಿಗೆ ಆ ಮನೆಯಲ್ಲಿ ಇದ್ದದ್ದೆಲ್ಲ ಕಣ್ಣಮುಂದೆ ಬಂತು. ರೇಫ್ ಸತ್ತ ಮಂಚ. ಅವನ ಚರ್ಮದ ಕೋಟು, ಇನ್ನೂ ಅವನ ವಾಸನೆ ಹೋಗಿರಲಿಲ್ಲ. ಸೂರಿಗೆ ತೂಗುಹಾಕಿದ ಹಂದಿಮಾಂಸ, ಇಡೀ ಚಳಿಗಾಲದ ಊಟ. ಹೇಳಿಬಿಡಲೇ ಅನ್ನಿಸಿತು. ಸುಳ್ಳೇಕೆ, ನಾಲಗೆಯ ತುದಿಗೆ ಬಂದಿತ್ತು. ಗುಂಪಿನಲ್ಲಿ ನೇಥನ್ ನಿಂತಿದ್ದ, ಅವನಿಂದ ನಾಲ್ಕು ಮಾರು ಆಚೆ ಜರ್ವಿಸ್. ಇಬ್ಬರೂ ಅವಳನ್ನೇ ನೋಡುತ್ತಿದ್ದರು.

"ಹೇಳಲ್ಲ ಕಣಯ್ಯ," ಎಂದಳು. "ಏನು ಮಾಡ್ಕೋತೀಯೋ ಮಾಡ್ಕೋ."

ಹುಲ್ಲಿನ ಸೂರು, ಆಗಸ್ಟಿನ ಬಿಸಿಲು. ಮೋಡ ಹೆದರಿಸಿದ್ದಷ್ಟೇ, ಮಳೆ ಬಿದ್ದಿರಲಿಲ್ಲ. ಒಂದು ಪಂಜು ಸಾಕಾಯಿತು. ಬಕೆಟ್ಟು ಹಿಡಿದು ಓಡಿದವರನ್ನು ಸವಾರರು ಕುದುರೆ ಅಡ್ಡ ಹಾಕಿ ತಳ್ಳಿದರು. ಗಾಳಿ ಚರ್ಚಿನ ಕಡೆಗೆ ಬೀಸುತ್ತಿತ್ತು. ಪಕ್ಕದ್ದು ಕಮ್ಮಾರನ ಮನೆ, ಅದರ ಸೂರಿನ ಮೇಲೆ ಕಿಡಿ ಬೀಳತೊಡಗಿತು. ಜರ್ವಿಸ್ ಏಣಿ ಹಾಕಿ ಹತ್ತಿದ. ಅವನ ಹಿಂದೆಯೇ ಒದ್ದೆ ಗೋಣಿ ಹೆಗಲ ಮೇಲೆ ಹಾಕಿಕೊಂಡು ಹತ್ತಿದವನು ನೇಥನ್.

"ಬಲಗಡೆ ನೋಡೋ, ಬಲಗಡೆ! ಕುರುಡನಾ ನೀನು?" ಎಂದು ಜರ್ವಿಸ್ ಕಿರುಚಿದ.

"ಬಾಯಿ ಮುಚ್ಚಿ ನೀನು ಎಡಗಡೆ ಬಡಿಯೋ ಕತ್ತೆ!" ಎಂದು ನೇಥನ್ ಕಿರುಚಿದ.

ಮೂರು ತಿಂಗಳ ಮೇಲೆ ಅವರಾಡಿದ ಮೊದಲ ಮಾತು ಅದು. ಕೋಳದಲ್ಲಿ ಕೂತ ಡಾರ್ಕಸಳ ಕಣ್ಣಿಂದ ನೀರು ಹರಿಯುತ್ತಿತ್ತು. ಹೊಗೆಗೆ ಅಂದರೂ ಸರಿ, ಮನೆಗೆ ಅಂದರೂ ಸರಿ. ತನ್ನ ಮನೆಯ ತೊಲೆ ಮುರಿದು ಬಿದ್ದ ಸದ್ದು ಕೇಳಿದಾಗ ಅವಳು ಕೆನ್ನೆಯನ್ನು ತೋಳಿನಿಂದ ಒರೆಸಿಕೊಂಡಳು.

ಕ್ಯಾಪ್ಟನ್ ಅವಳ ಮುಂದೆ ಬಂದು ನಿಂತ. "ಈಗ ಹೇಳು, ಕಾನ್‌ಸ್ಟೇಬಲ್."

"ನಾನು ಕಾನ್‌ಸ್ಟೇಬಲ್ ಅಲ್ಲ ಧಣಿ. ಮನೆ ಹೋಯ್ತಲ್ಲ. ಮನೆ ಹೋದ್ರೆ ಪಾಳಿ ಪಕ್ಕದ ಮನೆಗೆ. ಸಿಡಿಲು ಬಡಿದು ಚಮ್ಮಾರನ ಮನೆ ಹೋದ ವರ್ಷವೂ ಹಾಗೇ ಆಗಿದ್ದು, ಬೇಕಾದ್ರೆ ಪಾದ್ರಿನ ಕೇಳಿ." ಸ್ವರವೆತ್ತಿ ಕೂಗಿದಳು, "ಜರ್ವಿಸ್! ಕೆಳಗೆ ಇಳಿಯೋ. ಕೋಲು ನಿಂದು!"

ಜರ್ವಿಸ್ ಇಳಿದು ಬಂದ. ಹುಬ್ಬು ಸುಟ್ಟಿತ್ತು, ಮೈಯೆಲ್ಲ ಮಸಿ. ಡಾರ್ಕಸ್ ಪಕ್ಕದಲ್ಲಿ ಬಿದ್ದಿದ್ದ ಕೋಲನ್ನು ಎತ್ತಿ ಕೊಟ್ಟಳು. ಕೊಡುವಾಗಲೂ ಅವಳಿಗೆ ಅನುಮಾನವೇ. ಇವನು ದೊರೆಯ ಮನುಷ್ಯ, ಏಣಿಯ ಮೇಲಿನ ಎರಡು ಮಾತಿನಿಂದ ಮನುಷ್ಯ ಬದಲಾಗುತ್ತಾನೆಯೇ? ಇಷ್ಟೆಲ್ಲ ಕಳೆದುಕೊಂಡು ಕೊನೆಗೆ ಅವನೇ ಹೇಳಿಬಿಟ್ಟರೆ? ಬೇರೆ ದಾರಿ ಇರಲಿಲ್ಲ, ಪಾಳಿ ಅವನದೇ.

ಪಾದ್ರಿ ಕ್ಯಾಪ್ಟನ್ನನ ಕಿವಿಯಲ್ಲಿ ಏನೋ ಹೇಳಿದ. ಕ್ಯಾಪ್ಟನ್ನನ ಮುಖ ಅರಳಿತು. "ನೀನು ನಿಷ್ಠಾವಂತ ಅಂತಾರಲ್ಲಪ್ಪ."

"ಹೌದು ಧಣಿ. ದೊರೆ ಚೆನ್ನಾಗಿರ್ಲಿ ಅಂತ ಹೇಳದೆ ಒಂದು ಲೋಟ ಎತ್ತಿದೋನಲ್ಲ ನಾನು."

"ನಿನ್ನ ಮನೇಲಿ ಏನಾದರೂ ಇದ್ಯಾ?"

"ಇದೆ."

ಮಾರ್ಜರಿ ಸೆರಗಿನಂಥ ತನ್ನ ಮುಂಬಟ್ಟೆಯನ್ನು ಬಾಯಿಗೆ ಒತ್ತಿಕೊಂಡಳು.

"ತೆಗೆದುಕೊಂಡು ಬಾ ಹಾಗಾದ್ರೆ. ದೊರೆ ಹೆಸರಲ್ಲಿ ಕೇಳ್ತಿದೀನಿ."

ಜರ್ವಿಸ್ ಉರಿಯುತ್ತಿದ್ದ ಮನೆಯ ಕಡೆ ಗದ್ದ ಎತ್ತಿದ. "ಅದಕ್ಕೆ ಬೆಂಕಿ ಇಟ್ಟದ್ದು ಯಾರ ಹೆಸರಲ್ಲಿ?"

ಕ್ಯಾಪ್ಟನ್ ತರುವಂತೆ ಕೈ ಚಾಚಿದ.

"ತರಲ್ಲ ಧಣಿ. ಒಲೆ ಬಾಯಿಗೆ ಚೆನ್ನಾಗಿ ಕೂತಿದೆ, ಅಲ್ಲೇ ಇರ್ಲಿ. ಇದು ನನ್ನ ಮನೆ, ಸುಡಿ. ಆಮೇಲೆ ಪಾಳಿ ಆ ಮುದುಕಿ ಟಿಬ್ಬಂದು, ಅವಳ ಮನೇನೂ ಸುಡಿ. ಆಮೇಲೆ ನೇಕಾರಂದು. ಹೀಗೇ ಸುಟ್ಕೊಂಡು ಹೋದ್ರೆ ಚರ್ಚಿನ ಹತ್ರ ಸಾಲು ಮುಗಿಯತ್ತೆ. ಆಮೇಲೆ ಬೂದಿಗೆ ಹುಕುಂ ಓದಿ ಹೇಳಿ. ಲ್ಯಾಟಿನ್‌ನಲ್ಲೇ ಓದಿ, ಬೂದಿಗೂ ನಮಗೆ ತಿಳಿದಷ್ಟೇ ತಿಳಿಯತ್ತೆ."

ಯಾರೂ ನಗಲಿಲ್ಲ. ಹೊಲದಿಂದ ಓಡಿಬಂದ ಗಂಡಸರ ಕೈಯಲ್ಲಿ ಕುಡುಗೋಲುಗಳು ಹಾಗೇ ಇದ್ದವು. ಯಾರೂ ಎತ್ತಲಿಲ್ಲ, ಯಾರೂ ಕೆಳಗೆ ಇಡಲೂ ಇಲ್ಲ. ದೊರೆಯ ಕಡೆಯವರು, ಪಾರ್ಲಿಮೆಂಟಿನ ಕಡೆಯವರು ಎಂದು ಆಗ ಬೇರೆ ಮಾಡಿ ತೋರಿಸಲು ಆ ದೇವರಿಗೂ ಆಗುತ್ತಿರಲಿಲ್ಲ. ಕ್ಯಾಪ್ಟನ್ ಬೀದಿಯ ಉದ್ದಕ್ಕೂ ಕಣ್ಣು ಹಾಯಿಸಿದ, ತನ್ನ ಹತ್ತು ಜನರನ್ನು ನೋಡಿದ. "ಮತ್ತೆ ಬರ್ತೀನಿ," ಎಂದ. ಕುದುರೆ ತಿರುಗಿಸಿದ. ಹೋಗುವಾಗ ಕೋಳದ ಬೀಗದಕೈ ಅವನ ಜೇಬಿನಲ್ಲೇ ಹೋಯಿತು. ಜರ್ವಿಸ್ ಸುತ್ತಿಗೆ ತಂದು ತಾನೇ ಮಾಡಿದ್ದ ಬೀಗವನ್ನು ತಾನೇ ಒಡೆದು ಡಾರ್ಕಸಳನ್ನು ಎಬ್ಬಿಸಿದ.

ಅಷ್ಟರಲ್ಲಿ ನೇಥನ್ ಬಂದ. "ನೋಡಿದ್ಯಾ ಅಕ್ಕ ದೊರೆ ಏನು ಅಂತ? ಈಗಲಾದ್ರೂ ಹೇಳು ಎಲ್ಲ ಮನೆಯೋರಿಗೆ. ನನ್ನ ಸಾಮಾನು ಕೊಡ್ಸು. ಇವತ್ತೇ ಹೋಗ್ತೀನಿ. ಆ ಡಾರೆಲ್‌ನ ಹುಡುಕಿ..."

ಡಾರ್ಕಸಳಿಗೂ ಅದೇ ಬೇಕಿತ್ತು. ಹೋಗು, ಅವನನ್ನು ಸಾಯಿಸಿ ಬಾ ಎಂದು ಹೇಳಲು ಮೈಯೆಲ್ಲ ಉರಿಯುತ್ತಿತ್ತು. ಹೊಗೆಯಾಡುವ ಗೋಡೆಯನ್ನು ನೋಡಿದಳು, ತಮ್ಮನ ಕೈಯನ್ನು ನೋಡಿದಳು, ಜರ್ವಿಸನ ಸೂರನ್ನು ಬಡಿದು ಬಡಿದು ಬೊಬ್ಬೆ ಎದ್ದಿದ್ದ ಕೈ. "ನನ್ನ ಯಾಕೆ ಕೇಳ್ತೀಯ? ಕಾನ್‌ಸ್ಟೇಬಲ್ ಅಲ್ಲಿದಾನೆ," ಎಂದಳು.

ನೇಥನ್ ತಿರುಗಿದ. "ಏನಪ್ಪ, ಕೊಡ್ತೀಯಾ?"

"ಕೊಡಲ್ಲ," ಎಂದ ಜರ್ವಿಸ್.

"ಇನ್ನೂ ನಿನ್ನ ದೊರೆ ಸೇವೆ ಮುಗಿದಿಲ್ವಾ?"

"ದೊರೆ ಮನೆ ಹಾಳಾಗ್ಲಿ! ನಿನಗೋಸ್ಕರ ಕಣೋ ಬಡ್ಡಿಮಗನೆ. ನೀನು ಇವತ್ತು ಹೋದ್ರೆ ನಾಳೆ ದೊರೆ ಕಡೆಯೋರು ನಾವು ಮೂರು ಜನ ಹೋಗ್ತೀವಿ. ನಿಂಗೆ ಈಟಿ ಹಿಡಿಯೋದು ಕಲ್ಸಿದ್ದು ನಾನು. ನೀನು ಎಡಭುಜ ಮುಚ್ಕೊಳಲ್ಲ ಅಂತ ನಂಗೆ ಗೊತ್ತು. ಏಳು ವರ್ಷದಿಂದ ಬಡ್ಕೋತಿದೀನಿ, ನೀನು ಮುಚ್ಕೊಳಲ್ಲ. ಎದುರು ಸಿಕ್ರೆ ನನ್ನ ಕೈ ಅಲ್ಲಿಗೇ ಹೋಗತ್ತೆ. ಹೋಗದೆ ಇರಲ್ಲ."

ನೇಥನ್ ಅಲ್ಲೇ ಕೋಳದ ಹಲಗೆಯ ಮೇಲೆ ಕುಸಿದು ಕೂತು ಅತ್ತ. ಜರ್ವಿಸ್ ಕೋಲನ್ನು ಕಂಕುಳಲ್ಲಿ ಇರುಕಿಕೊಂಡು ಅವನ ಪಕ್ಕ ಕೂತ.

ಶನಿವಾರ ಪಾರ್ಲಿಮೆಂಟಿನವರು ಬಂದರು. ಇಪ್ಪತ್ತು ಜನ, ಕಿತ್ತಳೆ ಬಣ್ಣದ ಪಟ್ಟಿ. ಅವರ ಮುಂದಾಳು ಸೌಮ್ಯವಾಗಿ ಮಾತಾಡುವವನು, ಕೈಯಲ್ಲಿ ಅಚ್ಚಿನ ಕಾಗದ. ಸುಟ್ಟ ಮನೆಯ ಸುದ್ದಿ ಅವನಿಗೆ ಆಗಲೇ ತಲುಪಿತ್ತು, ಅದೇ ತನ್ನ ಕೆಲಸ ಸುಲಭ ಮಾಡುತ್ತದೆ ಎಂದುಕೊಂಡೇ ಬಂದಿದ್ದ. ಬೀದಿಗೆ ತಿರುಗಿದವನು ಕುದುರೆಯ ಲಗಾಮು ಎಳೆದ.

ಮನೆ ಮನೆಯ ಬಾಗಿಲಲ್ಲೂ ಆಯಾ ಮನೆಯವರು ನಿಂತಿದ್ದರು. ಮೊದಲು ಗಿರಣಿ ಮನೆ, ಹೊಸ್ತಿಲ ಮೇಲೆ ಕೈಕಟ್ಟಿ ನಿಂತ ನೇಥನ್, ಪಕ್ಕದಲ್ಲಿ ಬಸುರಿ ಹೆಂಡತಿ. ಕೋಲು ಹಿಡಿದ ಜರ್ವಿಸ್, ಮಾರ್ಜರಿ. ಊರುಗೋಲು ಹಿಡಿದ ಮುದುಕಿ ಟಿಬ್. ಹೀಗೇ ಚರ್ಚಿನ ತನಕ. ಯಾರೂ ಆಯುಧ ಹೊರಗೆ ತಂದಿರಲಿಲ್ಲ, ಯಾರೂ ಟೊಪ್ಪಿ ತೆಗೆಯಲಿಲ್ಲ. ಕಮ್ಮಾರನ ಮನೆಯ ಈಚೆ ಮಗ್ಗುಲಲ್ಲಿ ಕರಿ ಗೋಡೆ ನಾಲ್ಕು, ನಡುವೆ ಬೂದಿ. ಬಾಗಿಲಿದ್ದ ಜಾಗದಲ್ಲಿ, ಹೊಸ್ತಿಲ ಕಲ್ಲಿನ ಮೇಲೆ, ನಿನ್ನೆಯ ಮಸಿ ಬಟ್ಟೆಯಲ್ಲೇ ಡಾರ್ಕಸ್ ನಿಂತಿದ್ದಳು.

ಮುಂದಾಳು ಟೊಪ್ಪಿ ತೆಗೆದು ಮರುಕದಿಂದ ಕೇಳಿದ, "ಇಲ್ಲಿ ಯಾರ ಮನೆ ಇತ್ತಮ್ಮ?"

"ಇತ್ತು ಅಂತೀರಲ್ಲ, ಇದು ನನ್ನ ಮನೆ," ಎಂದಳು ಡಾರ್ಕಸ್. "ಏನಾಗ್ಬೇಕಿತ್ತು?"